ಅರ್ಥಿಂಗ್

ಬೆಟಗೇರಿಯ ನಮ್ಮ ಅಂಗಡ್ಯಾಗ
ಸುಟ್ಟ ಮೋಟರಿನ ವಾಸನಿ ಗ್ವಾಡಿಗೂ ಹತ್ತೇತಿ.
ಇಪ್ಪತ್ತಾರು ವರ್ಷ ತಾಮ್ರ ಸುತ್ತೀನಿ:
ಬೋರಿನ ಪಂಪು, ಗಿರಣಿ ಮೋಟರು, ಮದವಿ ಹಾಲಿನ ಕೂಲರು.
ಒಂದೂ ಹಾಡಿಲ್ಲ. ತಿರಗ್ಯಾವ, ಅಷ್ಟ.

ಹಲಗಿ ಸಿಕ್ಕದ್ದು ಮುಚ್ಚಿಹೋದ ಪ್ರೆಸ್ಸಿನ್ಯಾಗ.
ಮೊಳಿ ಜೋಡಸೂ ಮೇಜು, ಸಾಗವಾನಿ,
ಉರವಲದ ರೇಟಿಗೆ ತೂಗಿ ಕೊಟ್ಟರು.
ರಂಧಾ ಹೊಡದಂಗೆಲ್ಲಾ
ಹೊಟ್ಟು ಮದಲ ಮಸಿ ಕರೇದು,
ಆಮ್ಯಾಲೆ ಕಂದು, ಆಮ್ಯಾಲೆ ಬೆಲ್ಲದ ಬಣ್ಣ.
ಸಂದಿಯೊಳಗ ಸೀಸದ ಅಕ್ಷರ ಒಂದು ಸಿಕ್ಕೊಂಡಿತ್ತು,
ತಿರುವಿ ಎರಕ ಹೊಯ್ದ 'ಳ'.
ಯಾವ ಮಾತೂ ಅದರಿಂದ ಸುರು ಆಗೂದಿಲ್ಲ.
ಕೀಳಲಿಲ್ಲ. ಅದರ ಮ್ಯಾಲೇ ವಾರ್ನಿಶ್ ಎಳದೆ.

ನೆಕ್ ಕೊಲ್ಕತ್ತಾದಿಂದ ಬಂತು,
ಬಂಗಾಲಿ ಪೇಪರಿನ್ಯಾಗ ಬಾಣಂತಿ ಕೂಸಿನಂಗ ಸುತ್ತಿದ್ರು.
ಕೊರಿಯರ್ ಹುಡುಗ ಅಲಗಾಡಿಸಿ ಕೇಳಿದ,
"ಬ್ಯಾಟ್ ಏನ್ರಿ ಕಾಕಾ?"
ಆರು ಕಿವಿ ಹುಬ್ಬಳ್ಳಿಯಿಂದ. ಐದು ಒಂದ ಜೋಡಿ,
ಆರನೇದು ಬ್ಯಾರೆ ಮನಿದು.
"ಕೂಡಿ ಬಾಳತಾವ ತಗೋರಿ" ಅಂದ ಅಂಗಡಿಯಾವ.

"ಯಾರಿಗಿದು?" ತುಳಜಾ ಕೇಳಿದಳು, ಕೈ ತುಂಬ ಮಸಾಲಿ.
ಗೊತ್ತಿಲ್ಲ.
"ನಿನಗ ಬಾರಸಾಕ ಬರತೈತೇನು?"
ಇಲ್ಲ.
"ಮತ್ತ?"
ಪಂಪ್ ಸುತ್ತಾವ ಬಾವಿಗೆ ಇಳೀಬೇಕಂತ ಐತೇನು, ಅಂದೆ.
ಮಾತು ಗೆದ್ದೆ.
ಆ ರಾತ್ರಿ ನಿದ್ದಿ ಮಾತ್ರ ಹತ್ತಲಿಲ್ಲ.

ಪಿಕಪ್ ಕೊಳ್ಳಲಿಲ್ಲ. ಸುತ್ತೂದು ನನ್ನ ಕಸಬು.
ಕೂದಲಕ್ಕಿಂತ ಸಣ್ಣ ತಂತಿ,
ಸೀನಿದರ ಹರಿಯೂವಂಥಾದ್ದು.
ಹೊಲಿಗಿ ಮಶೀನಿನ ಮೋಟರಿಗೆ
ಆ ಪ್ರೆಸ್ಸಿನ ಎಣಿಕಿ ಡಬ್ಬಿ ಕಟ್ಟಿದೆ.
ಲಗ್ನದ ಕಾರ್ಡು, ತೀರಿಕೊಂಡವರ ಚೀಟಿ, ಲಾಟರಿ ಪಾವತಿ
ಎಲ್ಲಾ ಒಂದ ದನಿಯಾಗ ಎಣಿಸಿದ ಡಬ್ಬಿ.
ಟಕ್. ಟಕ್. ಟಕ್.
ಆರುಸಾವಿರದ ಎರಡುನೂರಾ ಹನ್ನೆರಡಕ್ಕ ಹರೀತು.
ಬಿಚ್ಚಿದೆ. ಮತ್ತ ಸೊನ್ನಿ.
ಎರಡನೇ ಸಲ ಎಂಟುಸಾವಿರ ಮುಟ್ಟಿತು.
ಕಾಯಿಸಿದ ಮೇಣದಾಗ ಮುಳುಗಿಸಿದರ
ಅವ್ವನ ಸಂಡಿಗಿ ಬಾಣಲಿಯಂಗ ಗುಳ್ಳಿ ಎದ್ದವು.

ಮಂಗಳವಾರ ರಾತ್ರಿ ಬೆಸಗಿ ಮುಗೀತು.
ಹಳೇ ಟೇಪರಿಕಾರ್ಡರಿಗೆ ಜೋಡಿಸಿ ಸ್ವಿಚ್ ಒತ್ತಿದೆ.
ಗುಂಂಂಂ.
ಬಾಗಲಾ ಹಾಕಿ ಬಂದೀನಿ ಅಂದುಕೊಂಡಿದ್ದ ಅಂಗಡಿ
ಅಷ್ಟೂ ಅದರೊಳಗ ಕುಂತಿತ್ತು,
ಐವತ್ತು ಸೈಕಲ್ಲಿನ ಅದೇ ಗೊಣಗು.
ತುಳಜಾ ಒಳಗಿಂದನ ಅಂದಳು,
"ಪಂಪ್ ಚಾಲೂ ಆತು. ನೀರೆಲ್ಲಿ?"

ಅರ್ಥಿಂಗ್ ಕೊಟ್ಟಿರಲಿಲ್ಲ.
ನನಗ ಕೆಲಸ ಕಲಿಸಿದ ಮೇಸ್ತ್ರಿ ದಾವಲಸಾಬ
ಅದಕ್ಕ ಅರ್ಥ ಅಂತಿದ್ದ.
"ಮದಲ ಅರ್ಥ ಕೊಡಲೇ, ಆಮ್ಯಾಲೆ ಕರೆಂಟು."
ಬ್ರಿಜ್ಜಿನ ಕೆಳಗ ತೂತು ಕೊರದು
ಗೇಣುದ್ದ ವಾಯರ್ ಎಳದೆ. ಹಚ್ಚಿದೆ.
ಗುಂ ಇನ್ನೂ ಇತ್ತು.
ಬ್ಯಾಸತ್ತು, ತಂತಿ ಮ್ಯಾಲೆ ಸುಮ್ನ ಅಂಗೈ ಇಟ್ಟೆ.
ನಿಂತಿತು.
ತಗದೆ, ಗುಂ.
ಇಟ್ಟೆ, ಹೊರಗ ದೂರದಾಗ ರೈಲು ಹೋಗೂದು ಕೇಳಿಸಿತು.

ಇಪ್ಪತ್ತಾರು ವರ್ಷ
ಕೈ ತಾಗೀತು, ಕೈ ತಾಗೀತು ಅಂತ ಬದುಕಿದಾವ
ಮುಟ್ಟಿದರನ ಸಮಾಧಾನ ಆಗೂದೊಂದನ್ನ ಕಟ್ಟಿದ್ದೆ.
ತುಳಜಾ ಸೆರಗಿಗೆ ಕೈ ಒರಸಿ ತಾನೂ ಇಟ್ಟಳು.
ಅಕಿ ಕೈಗೂ ನಿಂತಿತು.
"ಹಂಗಾರ ಇರಲಿ" ಅಂದಳು.

ಈಗ ಅಂಗಡ್ಯಾಗ ತೂಗ ಹಾಕೀನಿ,
ಮೂರು ಎಚ್‌ಪಿ ಪಂಪಿನ ಬಾಜೂಕ.
ಆರನೇ ಕಿವಿ ಜಾರತೈತಿ,
ಸಂಜಿಗೆ ಹಿಂಡಿದ್ದು ಮುಂಜಾನೆ ಅರ್ಧ ಸ್ವರ ಇಳದಿರತೈತಿ.
ದಿನಾ ಹಿಂಡತೀನಿ.
ಬಂದ ಗಿರಾಕಿ ಕೇಳತಾರ,
ರಿಪೇರಿಗೆ ಬಂದೈತೇನ್ರಿ?
ಹೂಂ, ಅಂತೀನಿ.
ಯಾರದು ಅಂತ ಇನ್ನೂ ಯಾರೂ ಕೇಳಿಲ್ಲ.